ಉರುಳನ್ನು ಕಟ್ಟಿದ್ದು ಎಲ್ಲಿಗೆ?

ಬಂಗಾರಪೇಟೆ ಕಡೆಯ ಒಂದು ಕಡಲೆಕಾಯಿ ಹೊಲದ ಬೇಲಿ ಪಕ್ಕ ನಡೀತಾ ಇದ್ದಾಗ ನಮ್ಮಲ್ಲೊಬ್ಬನ ಶೂಗೆ ಏನೋ ತಗುಲಿ ನಿಂತುಹೋಯಿತು. ಬಗ್ಗಿ ನೋಡಿದರೆ ಬೈಕಿನ ಕ್ಲಚ್ ವೈರ್. ಒಂದು ತುದಿಯಲ್ಲಿ ಜಾರುವ ಕುಣಿಕೆ, ಇನ್ನೊಂದು ತುದಿ ಬೇಲಿಯ ಕಲ್ಲುಕಂಬಕ್ಕೆ ಮೂರು ಸುತ್ತು. ಅಲ್ಲೇ ದನ ಮೇಯಿಸುತ್ತಿದ್ದ ತಾತ ನಮ್ಮನ್ನ ನೋಡಿ, "ಹಂದಿಗೆ ಹಾಕವ್ರೆ ಕಣ್ರಪ್ಪಾ, ಮುಟ್ಟಬ್ಯಾಡಿ. ರಾತ್ರಿ ಬಂದ್ರೆ ಅರ್ಧ ಹೊಲ ಉತ್ತು ಹಾಕ್ತವೆ, ಏನ್ ಮಾಡಾದು?" ಅಂದರು.

ತಾತ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಕಾಮಸಮುದ್ರದ ಕಡೆ ಆನೆ, ಬೇರೆ ಕಡೆಯೆಲ್ಲ ಹಂದಿ. ಕಷ್ಟಪಟ್ಟು ಬೆಳೆದವರ ಸಿಟ್ಟು ನಮಗೂ ಅರ್ಥವಾಗುತ್ತೆ. ಆದರೆ ಬಸ್ಸಿನಲ್ಲಿ ವಾಪಸ್ ಬರುವಾಗ ನಾವು ಮಾತಾಡಿದ್ದು ಹಂದಿ ಬಗ್ಗೆ ಅಲ್ಲ, ಆ ಕಲ್ಲುಕಂಬದ ಬಗ್ಗೆ. ಉರುಳು ಅಂದ ಕೂಡಲೇ ಎಲ್ಲರ ಕಣ್ಣು ಕುಣಿಕೆ ಮೇಲೆ ಹೋಗುತ್ತೆ. ಸಿಕ್ಕ ಪ್ರಾಣಿಯ ಗತಿ ಏನು, ಅದನ್ನ ಬಿಡಿಸೋಕೆ ಬಂದವರ ಗತಿ ಏನು ಅನ್ನೋದನ್ನ ತೀರ್ಮಾನಿಸೋದು ಮಾತ್ರ ಇನ್ನೊಂದು ತುದಿ, ಅಂದರೆ ಅದನ್ನು ಕಟ್ಟಿರುವ ಜಾಗ.

ಒಂದು ಅಂದಾಜು ಲೆಕ್ಕ ಹಾಕೋಣ. ಉರುಳಿಗೆ ಹಂದಿ ಬದಲು ಚಿರತೆ ಬಂತು ಅಂದುಕೊಳ್ಳಿ. ತೂಕ 50 ಕಿಲೋ, ಗಾಬರಿಯಿಂದ ನೆಗೆದಾಗ ವೇಗ ಸೆಕೆಂಡಿಗೆ 5 ಮೀಟರ್. ಚಲನಶಕ್ತಿ 625 ಜೂಲ್. ವೈರನ್ನ ಬಗ್ಗುವ ಕೊಂಬೆಗೆ ಕಟ್ಟಿದ್ದು, ಅರ್ಧ ಮೀಟರ್ ಎಳೆದುಕೊಂಡು ನಿಂತರೆ ಸರಾಸರಿ ಬಲ 1,250 ನ್ಯೂಟನ್. ಅದೇ ಕಲ್ಲುಕಂಬಕ್ಕೆ ಕಟ್ಟಿ, 5 ಸೆಂಟಿಮೀಟರಲ್ಲಿ ನಿಲ್ಲಬೇಕಾದರೆ 12,500 ನ್ಯೂಟನ್, ಅಂದರೆ ಒಂದೂಕಾಲು ಟನ್ ಭಾರ ನೇತುಹಾಕಿದ ಹಾಗೆ. ಅಷ್ಟನ್ನ ತಡೆಯೋ ಶಕ್ತಿ ಕ್ಲಚ್ ವೈರಿಗೂ ಇಲ್ಲ. ಹಾಗಾದರೆ ಆ ಶಕ್ತಿ ಎಲ್ಲಿಗೆ ಹೋಗುತ್ತೆ? ಒಂದೋ ವೈರ್ ಹರಿಯುತ್ತೆ, ಇಲ್ಲಾ ಕುಣಿಕೆ ಬಿಗಿದು ಮಾಂಸದೊಳಗೆ ಇಳಿಯುತ್ತೆ. ಕಲ್ಲು ಬಗ್ಗದಿದ್ದರೆ ಮೈ ಬಗ್ಗಬೇಕು, ಅಷ್ಟೇ. ಬರೀ 1,250 ನ್ಯೂಟನ್ನೇ ಇರಲಿ, 2 ಮಿಲಿಮೀಟರ್ ದಪ್ಪದ ವೈರ್ 20 ಸೆಂಟಿಮೀಟರ್ ಉದ್ದಕ್ಕೆ ಒತ್ತಿದರೆ ಚದರ ಸೆಂಟಿಮೀಟರಿಗೆ 30 ಕಿಲೋಗೂ ಹೆಚ್ಚು ಒತ್ತಡ ಬೀಳುತ್ತೆ. ಚಿರತೆ ಕುಣಿಕೆಯೊಳಗೆ ನುಗ್ಗಿದಾಗ ಎಷ್ಟೋ ಸಲ ಅದು ಬಿಗಿಯೋದು ಕತ್ತಿಗಲ್ಲ, ಸೊಂಟಕ್ಕೆ. ಅಲ್ಲಿ ಪಕ್ಕೆಲುಬಿನ ಕಾವಲೂ ಇಲ್ಲ.

ಕಲ್ಲುಕಂಬ ಬಿಟ್ಟು ಮರದ ಗೂಟಕ್ಕೆ ಕಟ್ಟಿದ್ದರೆ? ಇಲ್ಲಿ ನಮಗಿಂತ ದನ ಕಟ್ಟುವವರಿಗೇ ಹೆಚ್ಚು ಗೊತ್ತು. ಗೂಟವನ್ನು ಯಾರೂ ನೆಟ್ಟಗೆ ಹೊಡೆಯಲ್ಲ, ದನ ಎಳೆಯುವ ದಿಕ್ಕಿಗೆ ಎದುರಾಗಿ ತಲೆ ವಾಲಿಸಿ ಹೊಡೀತಾರೆ. ಅಡ್ಡ ಎಳೆದರೆ ಗೂಟ ಮಣ್ಣನ್ನು ತಳ್ಳಿಕೊಂಡು ಹೋಗಬೇಕು, ಮಣ್ಣು ಬಿಡಲ್ಲ. ಮೇಲಕ್ಕೆ ಎಳೆದರೆ ಹಿಡಿಯೋಕೆ ಇರೋದು ಗೂಟದ ಮೈ ಸುತ್ತಲಿನ ಘರ್ಷಣೆ ಮಾತ್ರ. ಹಸು ಅಡ್ಡಕ್ಕೆ ಎಳೆಯುತ್ತೆ. ಚಿರತೆ ಹಾಗಲ್ಲ, ಮೇಲಕ್ಕೂ ಹಾರುತ್ತೆ, ಗುಂಡಗೂ ಸುತ್ತುತ್ತೆ. ಪ್ರತಿ ಜಗ್ಗಿಗೂ ಗೂಟದ ಬಾಯಿ ಹತ್ತಿರ ಮಣ್ಣು ಸ್ವಲ್ಪ ಸರಿದು ಸಂದು ಬೀಳುತ್ತೆ. ಮುಂದಿನ ಜಗ್ಗಿಗೆ ಇನ್ನಷ್ಟು. ಏಪ್ರಿಲ್‌ನಲ್ಲಿ ಇಟ್ಟಿಗೆ ಥರ ಇರೋ ನಮ್ಮ ಕೆಂಪುಮಣ್ಣು ಒಂದು ಮಳೆ ಬಿದ್ದರೆ ಬೇರೆಯದೇ ಮಣ್ಣು. ಕೆಜಿಎಫ್‌ನ ಸೈನೈಡ್ ದಿಬ್ಬಗಳ ಮರಳಂತೂ ಗಣಿಯ ಕಲ್ಲನ್ನು ನುಣ್ಣಗೆ ಅರೆದು ಬಿಟ್ಟಿದ್ದು, ಅದಕ್ಕೆ ಅಂಟು ಅನ್ನೋದೇ ಕಡಿಮೆ. ರಾತ್ರಿ ಗಟ್ಟಿಯಾಗಿದ್ದ ಗೂಟ ಬೆಳಿಗ್ಗೆಗೆ ಗಟ್ಟಿಯಾಗಿರುತ್ತೆ ಅಂತ ನಂಬೋಹಾಗಿಲ್ಲ.

ವೈರ್ ಕಥೆಯೂ ಹಾಗೇ. ಗಣಿ ನಡೀತಿದ್ದ ಕಾಲದಲ್ಲಿ ಇಲ್ಲಿ ಕೆಲಸ ಮಾಡಿದವರ ಮನೆಯವರು ಕೆಜಿಎಫ್‌ನಲ್ಲಿ ಈಗಲೂ ಇದ್ದಾರೆ, ಕೇಳಿ ನೋಡಿ. ಶಾಫ್ಟಿನ ಉಕ್ಕಿನ ಹಗ್ಗ ಬಲಹೀನವಾಗೋದು ಹೆಚ್ಚಾಗಿ ಜೋಡಣೆಯ ತುದಿಯಲ್ಲಿ. ಅದಕ್ಕೇ ಕಾಲಕಾಲಕ್ಕೆ ತುದಿ ಕತ್ತರಿಸಿ ಹೊಸದಾಗಿ ಜೋಡಿಸಬೇಕು ಅಂತ ಗಣಿ ನಿಯಮ ಇದೆ. ಉರುಳಿನಲ್ಲಿ ಪ್ರಾಣಿ ಸುತ್ತಿದ ಹಾಗೆಲ್ಲ ವೈರ್ ಮುರಿಗೊಂಡು, ಗಂಟಿನ ಹತ್ತಿರ ಎಳೆ ಎಳೆಯಾಗಿ ಕಿತ್ತು ಬರುತ್ತೆ. ತುಪ್ಪಳಕ್ಕಾಗಿ ಪ್ರಾಣಿ ಹಿಡಿಯೋದೇ ಕಸುಬಾಗಿರುವ ಕೆನಡಾ, ಅಮೆರಿಕದಂಥ ಕಡೆ ಬಲೆಯ ಸರಪಳಿಗೆ ತಿರುಗುವ ಕೊಂಡಿ ಹಾಕ್ತಾರೆ, ಇದೇ ಕಾರಣಕ್ಕೆ. ಅಲ್ಲೂ ಜಗಳ ಮುಗಿದಿಲ್ಲ. ಕಾಲು ಕಚ್ಚುವ ಉಕ್ಕಿನ ಬಲೆಗಳ ಬಳಕೆಗೆ ಯುರೋಪ್ ಒಕ್ಕೂಟದಲ್ಲಿ 1995ರಿಂದಲೇ ನಿಷೇಧ ಇದೆ.

ನಮ್ಮಲ್ಲಿ ಆ ಕಸುಬಿಗೆ ಕಾನೂನಿನ ಜಾಗವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉರುಳು ಹಾಕೋದೂ ಬೇಟೆಯೇ. ಕೂದಲಿಗಾಗಿ ಕದ್ದು ಹಿಡಿಯೋದು ಇಲ್ಲಿ ಮುಖ್ಯವಾಗಿ ಮುಂಗುಸಿಯನ್ನ, ಚಿತ್ರ ಬಿಡಿಸುವ ಬ್ರಷ್ ಮಾಡೋಕೆ. 2019ರಲ್ಲಿ ಇದರ ಮೇಲೆ ದೇಶದಾದ್ಯಂತ ದಾಳಿಯೂ ನಡೆಯಿತು. ಡ್ರಾಯಿಂಗ್ ಮಾಡೋ ಗೆಳೆಯರು ತಮ್ಮ ಬ್ರಷ್ ಯಾವುದು ಅಂತ ಒಮ್ಮೆ ನೋಡಿಕೊಳ್ಳಿ.

ಹೊಲದ ಉರುಳಿಗೆ ಯಾರು ಸಿಕ್ಕಬೇಕು ಅಂತ ಆರಿಸೋಕೆ ಬರಲ್ಲ. ಸಂಜಯ್ ಗುಬ್ಬಿ ಮತ್ತು ಜೊತೆಯವರು 2009ರಿಂದ 2020ರವರೆಗೆ ಕರ್ನಾಟಕದಲ್ಲಿ ಉರುಳಿಗೆ ಸಿಕ್ಕ ಚಿರತೆಗಳ ಲೆಕ್ಕ ಹಾಕಿದರು. ನೂರಕ್ಕೂ ಹೆಚ್ಚು ಪ್ರಕರಣ, ಅರ್ಧಕ್ಕಿಂತ ಹೆಚ್ಚು ಚಿರತೆಗಳು ಸತ್ತಿದ್ದವು. ಕರಡಿ, ಕೃಷ್ಣಮೃಗ, ಊರ ನಾಯಿ, ಮೇಯೋಕೆ ಬಿಟ್ಟ ಮೇಕೆ, ಯಾವುದೂ ಇದಕ್ಕೆ ಹೊರತಲ್ಲ. ಚಿರತೆ ಸತ್ತರೆ ಉರುಳು ಹಾಕಿದವರಿಗೆ ಕನಿಷ್ಠ 3 ವರ್ಷ ಜೈಲು, 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ. "ಹಂದಿಗೆ ಹಾಕಿದ್ದು ಸಾಮಿ" ಅಂದರೆ ತಪ್ಪಿಸಿಕೊಳ್ಳೋಕೆ ಆಗಲ್ಲ.

ಈಗ ನಾವು ನಿಜವಾಗಿ ಹೇಳಬೇಕಾದ ವಿಷಯ. ಉರುಳಲ್ಲಿ ಚಿರತೆ ಸಿಕ್ಕಿದೆ ಅಂತ ಗೊತ್ತಾದರೆ ಊರೆಲ್ಲ ಮೊಬೈಲ್ ಹಿಡಿದು ಓಡುತ್ತೆ. ಅಷ್ಟೊತ್ತಿಗೆ ಅದು ಗಂಟೆಗಟ್ಟಲೆ ಜಗ್ಗಿರುತ್ತೆ. ಗೂಟ ಎಷ್ಟು ಸಡಿಲವಾಗಿದೆ, ವೈರಿನಲ್ಲಿ ಎಷ್ಟು ಎಳೆ ಉಳಿದಿದೆ ಅಂತ ದೂರದಿಂದ ಯಾರಿಗೂ ಕಾಣಲ್ಲ. ಜನ ಹತ್ತಿರ ಹೋದಷ್ಟೂ ಅದು ಜೋರಾಗಿ ನೆಗೆಯುತ್ತೆ, ಆ ನೆಗೆತಕ್ಕೇ ಕಿತ್ತು ಬರೋದು. ವೈದ್ಯರು ಅರಿವಳಿಕೆ ಮದ್ದು ಹೊಡೆದ ಮೇಲೂ ಕೆಲವು ನಿಮಿಷ ಅದಕ್ಕೆ ಪೂರ್ತಿ ಎಚ್ಚರ ಇರುತ್ತೆ, ಸೂಜಿ ಚುಚ್ಚಿದ ಕ್ಷಣ ಇನ್ನೂ ಜೋರಾಗಿ ಹಾರುತ್ತೆ. ಅರಣ್ಯ ಸಿಬ್ಬಂದಿ ಬಲೆ ಹಿಡಿದು, ಮೊದಲು ಜನರನ್ನ ಹಿಂದಕ್ಕೆ ಕಳಿಸೋದು ಇದಕ್ಕೆ. ಕಿತ್ತುಕೊಂಡು ಓಡಿದರೆ ಚಿರತೆ ಬಚಾವಾಯಿತು ಅಂತಲೂ ಅಲ್ಲ. ವೈರ್ ಮೈಯಲ್ಲೇ ಉಳಿದು ಕೊಳೆಯುತ್ತೆ. ವೈರ್ ಬಿಚ್ಚಿದರೂ, ಒದ್ದಾಡಿ ಒದ್ದಾಡಿ ಸ್ನಾಯು ಕರಗಿ ಕಿಡ್ನಿ ಕೆಟ್ಟು ಕೆಲವು ದಿನಗಳ ನಂತರ ಸಾಯೋದುಂಟು.

ಇಲಾಖೆ ಇಡುವ ಬೋನಿನ ಲೆಕ್ಕ ಬೇರೆ. ಅಲ್ಲಿ ಎಳೆತ ಅಲ್ಲ, ಉರುಳಿ ಬೀಳೋದೇ ಭಯ. ಒಳಗಿನ ಪ್ರಾಣಿ ಪಕ್ಕದ ಸರಳಿಗೆ ಎತ್ತರದಲ್ಲಿ ಡಿಕ್ಕಿ ಹೊಡೆದರೆ ತಳದ ಅಂಚೇ ತಿರುಗುವ ಬಿಂದು. ನೆಲ ಓರೆಯಾಗಿದ್ದರೆ ಅರ್ಧ ಕೆಲಸ ಆಗಲೇ ಮುಗಿದಂತೆ. ಬೋನು ವಾಲಿದರೆ ಮೇಲಿಂದ ಬೀಳುವ ಬಾಗಿಲು ತನ್ನ ಗಾಡಿಯಲ್ಲಿ ನೆಟ್ಟಗೆ ಕೂರದೆ ಸಂದು ಬಿಡಬಹುದು. ಆದ್ದರಿಂದ ಬೋನಿನ ಕೆಳಗಿನ ನೆಲ ಸಮ ಇರಬೇಕು, ಪಕ್ಕಕ್ಕೆ ಕಲ್ಲು ಒತ್ತಿರಬೇಕು, ಬಾಗಿಲಿಗೆ ಬಿದ್ದ ಮೇಲೆ ಕೂರುವ ಲಾಕ್ ಇರಬೇಕು. ನಾವು ಕ್ಲಾಸಿನಲ್ಲಿ ಮೊಮೆಂಟ್ ಲೆಕ್ಕ ಮಾಡುವಾಗ ಹೀಗೊಂದು ಉದಾಹರಣೆ ಕೊಟ್ಟಿದ್ದರೆ ನಿದ್ದೆ ಸ್ವಲ್ಪ ಕಡಿಮೆಯಾಗುತ್ತಿತ್ತೇನೋ.

ಆವತ್ತು ನಾವು ವೈರ್ ಬಿಚ್ಚಲಿಲ್ಲ. ಜಾಗದ ಫೋಟೋ ತೆಗೆದು ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿದೆವು. ಹೊಲ ಯಾರದು ಅಂತ ನಮಗೂ ಗೊತ್ತಿರಲಿಲ್ಲ, ತಾತನೂ ಹೇಳಲಿಲ್ಲ. ಬೆಳೆ ಹಾನಿಗೆ ಇಲಾಖೆಯಿಂದ ಪರಿಹಾರಕ್ಕೆ ಅರ್ಜಿ ಹಾಕಬಹುದು ಅಂತ ಅವರಿಗೆ ಹೇಳಿದೆವು. "ಅದು ಬರೋ ಹೊತ್ತಿಗೆ ಮುಂದಿನ ಬೆಳೆ ಬಂದಿರ್ತದೆ" ಅಂತ ನಕ್ಕರು. ಆಮೇಲೆ, ಹೋದ ವರ್ಷ ತಮ್ಮ ನಾಯಿ ಇಂಥದ್ದರಲ್ಲೇ ಸಿಕ್ಕಿತ್ತು ಅಂತ ಹೇಳಿ, ಹಸುವಿನ ಗೂಟ ಕಿತ್ತು ನೆರಳಿರುವ ಕಡೆ ಹೊಡೆಯೋಕೆ ಎದ್ದು ಹೋದರು.