ನಿಮಗಿದು ಗೊತ್ತೇ? ಗೂಡಿನ ಲಾಟು, ಗ್ರಾಫಿನ ಚುಕ್ಕೆ

ಬಕಾಸುರನಿಗೆ ದಿನಕ್ಕೊಂದು ಬಂಡಿ ಅನ್ನ ಹೋಗುತ್ತಿತ್ತೆಂಬ ಕಥೆ ಕೈವಾರದವರಿಗೆ ಬಾಯಿಪಾಠ. ಆ ಲೆಕ್ಕವನ್ನು ‘ಆರ್’ ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶಕ್ಕೆ ಕೊಟ್ಟು, ದಿನಕ್ಕೂ ಬಂಡಿಗೂ ಸಹಸಂಬಂಧ (ಒಂದರ ಏರಿಳಿತಕ್ಕೆ ಇನ್ನೊಂದು ಎಷ್ಟು ಜೊತೆಗೂಡುತ್ತದೆಂಬ ಅಳತೆ) ಎಷ್ಟೆಂದು ಕೇಳಿ. ಸೊನ್ನೆ ಎನ್ನುವುದಿಲ್ಲ, ‘ಎನ್‌ಎ’ ಎಂದು ಕೈಚೆಲ್ಲುತ್ತದೆ. ಒಂದು ಕಡೆ ಏರಿಳಿತವೇ ಇಲ್ಲದ ಮೇಲೆ ಹೋಲಿಸುವುದು ಏನನ್ನು? ಗ್ರಾಫಿನಲ್ಲಿ ಚುಕ್ಕೆಗಳು ನೇರ ಅಡ್ಡಸಾಲಾಗಿ ಕೂರುತ್ತವೆ, ಭೀಮ ಬರುವವರೆಗೆ!

ಆರ್‌ಗೆ ಆ ಹೆಸರು ಬರಲು ಒಂದು ಕಾರಣ, ಅದನ್ನು ನ್ಯೂಜಿಲೆಂಡಿನಲ್ಲಿ ಕಟ್ಟಿದ ರಾಸ್ ಇಹಾಕಾ, ರಾಬರ್ಟ್ ಜಂಟಲ್‌ಮನ್ ಇಬ್ಬರ ಮೊದಲಕ್ಷರ. 1.0.0 ಆವೃತ್ತಿ ಹೊರಬಂದದ್ದು 2000ದ ಫೆಬ್ರವರಿ 29ರಂದು. ಬಿಡಿಗಾಸು ಕೊಡಬೇಕಿಲ್ಲ.

ಚುಕ್ಕೆ ಗ್ರಾಫು ಕಂಪ್ಯೂಟರಿಗಿಂತ ಬಹಳ ಹಳೆಯದು. 1833ರಲ್ಲೇ ಜಾನ್ ಹರ್ಷೆಲ್ ಜೋಡಿ ನಕ್ಷತ್ರಗಳ ಕಕ್ಷೆ ಹುಡುಕಲು ಅದನ್ನು ಬಳಸಿದ್ದ.

ಇನ್ನು ನಮ್ಮ ಕಡೆಯ ಮಾತು. ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಎಷ್ಟು ಕಿಲೋ ಗೂಡು ಬೇಕೋ ಅದೇ ‘ರೆಂಡಿಟ್ಟಾ’. ಕಡಿಮೆಯಾದಷ್ಟೂ ರೀಲರಿಗೆ ಲಾಭ. ಶಿಡ್ಲಘಟ್ಟದ ಮಾರುಕಟ್ಟೆಗೆ ಬಂದ ಒಂದೊಂದು ಲಾಟನ್ನೂ ಒಂದೊಂದು ಚುಕ್ಕೆ ಎಂದುಕೊಳ್ಳಿ: ಅಡ್ಡಕ್ಕೆ ರೆಂಡಿಟ್ಟಾ, ಉದ್ದಕ್ಕೆ ಹರಾಜಿನ ಬೆಲೆ. ಗುಣಕ್ಕೆ ತಕ್ಕ ಬೆಲೆ ಸಿಕ್ಕಿದ್ದರೆ ಚುಕ್ಕೆಗಳು ಎಡದಿಂದ ಬಲಕ್ಕೆ ಇಳಿಯಬೇಕು. ಗುಂಪು ಬಿಟ್ಟು ಕೆಳಗೆ ಕೂತ ಚುಕ್ಕೆ ಯಾರದೆಂದು ಕೇಳಿ ನೋಡಿ. ಸರಾಸರಿ ಬೆಲೆಯ ಬೋರ್ಡಿನಲ್ಲಿ ಆ ರೈತ ಕಾಣುವುದೇ ಇಲ್ಲ. ಮಿಶ್ರತಳಿಯ ಹಳದಿ ಗೂಡನ್ನೂ ದ್ವಿತಳಿಯ ಬಿಳಿ ಗೂಡನ್ನೂ ಒಂದೇ ಬಣ್ಣದಲ್ಲಿ ಹಾಕಿದರೆ ಮಾತ್ರ ಕಥೆ ಕೆಟ್ಟಿತು, ಎರಡರ ರೆಂಡಿಟ್ಟಾ ಬೇರೆ, ದರವೂ ಬೇರೆ. ಹಳದಿಗೆ ಹಳದಿ ಚುಕ್ಕೆಯೇ ಇರಲಿ. ಬಿಳಿಗೆ ನೀಲಿ ಹಚ್ಚಿ, ಬಿಳಿ ಹಾಳೆಯ ಮೇಲೆ ಬಿಳಿ ಚುಕ್ಕೆ ಯಾರಿಗೆ ಕಂಡೀತು?

ಆರ್‌ನ ‘ಪ್ಲಾಟ್’ ಆಜ್ಞೆಯಲ್ಲಿ ಅಲ್ಪವಿರಾಮ ಹಾಕಿ ಎರಡು ಹೆಸರು ಬರೆದರೆ ಮೊದಲನೆಯದು ಅಡ್ಡಕ್ಕೆ ಬರುತ್ತದೆ. ಅಲ್ಪವಿರಾಮದ ಜಾಗದಲ್ಲಿ ಅಲೆಗೆರೆ ಹಾಕಿದರೆ ಮೊದಲನೆಯದು ಉದ್ದಕ್ಕೆ! ಹೊಸಬರು ಎಡವುವುದು ಇಲ್ಲೇ.

ಅಂಕಿಯಷ್ಟೇ ಸಾಲದು, ಚುಕ್ಕೆಯನ್ನೂ ಹಾಕಿ ನೋಡಬೇಕೆಂದು ತೋರಿಸಲು 1973ರಲ್ಲಿ ಫ್ರಾನ್ಸಿಸ್ ಆನ್‌ಸ್ಕಂಬ್ ನಾಲ್ಕು ಕಂತೆ ಅಂಕಿ ಕೊಟ್ಟ. ಪ್ರತಿ ಕಂತೆಯಲ್ಲೂ 11 ಜೋಡಿ, ಸರಾಸರಿ 9 ಮತ್ತು 7.5, ಸಹಸಂಬಂಧ 0.816ರ ಹತ್ತಿರ. ಗ್ರಾಫು ಬರೆದರೆ ಒಂದು ಸಾಧಾರಣ ಓರೆಸಾಲು, ಒಂದು ಕಮಾನು, ಮೂರನೆಯದರಲ್ಲಿ ಸಾಲು ತಪ್ಪಿದ ಒಂದು ಚುಕ್ಕೆ. ನಾಲ್ಕನೆಯದಂತೂ ಮೋಸವೇ ಸರಿ: ಹತ್ತು ಚುಕ್ಕೆ ಒಂದರ ಮೇಲೊಂದು ಕಂಬದಂತೆ ನಿಂತಿದ್ದರೆ, ಇಡೀ ಸಂಬಂಧವನ್ನು ಹುಟ್ಟಿಸಿದ್ದು ದೂರದ ಒಂಟಿ ಚುಕ್ಕೆ. ಈ ನಾಲ್ಕೂ ಕಂತೆ ಆರ್‌ನೊಳಗೇ ಸಿದ್ಧವಾಗಿವೆ.

ಸಹಸಂಬಂಧದ ಇನ್ನೊಂದು ಮೋಸ ನೋಡಿ: ಒಂದೇ ಲಾಟುಗಳನ್ನು ಎರಡು ತಕ್ಕಡಿಯಲ್ಲಿ ತೂಗಿ, ಎರಡನೆಯದು ಪ್ರತಿಸಲವೂ ಎರಡು ಕಿಲೋ ನುಂಗಿದರೂ ಸಹಸಂಬಂಧ ಪೂರ್ತಿ 1! ಕಳ್ಳತನ ಕಾಣಬೇಕಾದರೆ ಎರಡು ತೂಕಗಳ ಸರಾಸರಿ ಅಡ್ಡಕ್ಕೆ, ವ್ಯತ್ಯಾಸ ಉದ್ದಕ್ಕೆ ಹಾಕಬೇಕು. ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ವೈದ್ಯರಿಗೆ ಕಲಿಸಿದ ಉಪಾಯ ಇದು. ಗೂಡಿನ ತಕ್ಕಡಿಗೂ ಸಲ್ಲುತ್ತದೆ.

ಹರಾಜಿನ ಚೀಟಿಗಳನ್ನು ಎಸೆಯಬೇಡಿ. ಮಕ್ಕಳ ಕೈಗೆ ಕೊಟ್ಟು ಎರಡು ಅಂಕಣ ತುಂಬಿಸಿ, ಚುಕ್ಕೆ ಹಾಕಿಸಿ.