ಅಗ್ಗದ ದೂರದರ್ಶನಯಂತ್ರವೂ ಮಸಕು ಚಿತ್ರವೂ

ಜಗಳೂರು ತಾಲ್ಲೂಕಿನ ಸೊಕ್ಕೆಯಂತಹ ಮಳೆಯನ್ನೇ ನಂಬಿದ ಊರುಗಳಲ್ಲಿ ಗೃಹಸ್ಥನು ಸುಗ್ಗಿಯಲ್ಲಿ ಉಳಿದ ಹಣದಿಂದ ಚಿಕ್ಕದೊಂದು ದೂರದರ್ಶನಯಂತ್ರವನ್ನು ಕೊಳ್ಳುವುದುಂಟು. ಅಂಗಡಿಯಲ್ಲಿ ಥಳಥಳಿಸುತ್ತಿದ್ದ ಚಿತ್ರವು ಮನೆಗೆ ಬಂದೊಡನೆ ಮಸಕಾಗುತ್ತದೆ. ಮುಖಗಳು ಅಡ್ಡಲಾಗಿ ಹಿಗ್ಗುತ್ತವೆ. ಹಿರಿಯರು ತಮ್ಮ ಕಣ್ಣೇ ಮಂಜಾಯಿತೆಂದು ಸುಮ್ಮನಾಗುತ್ತಾರೆ. ಕಿರಿಯರು ಮೋಸಹೋದೆವೆಂದು ಇನ್ನೊಂದು ಯಂತ್ರಕ್ಕಾಗಿ ಸಾಲಮಾಡಲು ಹೊರಡುತ್ತಾರೆ. ಇವೆರಡಕ್ಕೂ ಮೊದಲು ದೋಷವು ಎಲ್ಲಿದೆಯೆಂದು ವಿಚಾರಿಸುವುದು ವಿವೇಕವಲ್ಲವೆ?

ಗೋಡೆಯಿದ್ದರೆ ತಾನೆ ಚಿತ್ರವೆಂಬುದು ಹಿಂದಿನವರ ನ್ಯಾಯ. ಇಲ್ಲಿಯಾದರೋ ಗೋಡೆಯು ದೊಡ್ಡದಾಗಿ, ಬಣ್ಣವು ಸಾಲದಾಗಿದೆ. 1975ರ ಆಗಸ್ಟಿನಿಂದ ಒಂದು ವರ್ಷಕಾಲ ರಾಯಚೂರು, ಬಿಜಾಪುರ, ಗುಲಬರ್ಗಾ ಜಿಲ್ಲೆಗಳ ಹಳ್ಳಿಗಳಿಗೆ ಉಪಗ್ರಹದ ಮೂಲಕ ಕಪ್ಪುಬಿಳುಪಿನ ಚಿತ್ರಗಳು ಬಂದುವು. ಆಗ ನಮ್ಮ ದೇಶದಲ್ಲಿದ್ದುದು 625 ಗೆರೆಗಳ ಪದ್ಧತಿ. ಅವುಗಳಲ್ಲಿ ಕಣ್ಣಿಗೆ ಕಾಣುವುವು 576. 1982ರಲ್ಲಿ ವರ್ಣಚಿತ್ರವು ಬಂದಾಗಲೂ ಗೆರೆಗಳು ಹೆಚ್ಚಲಿಲ್ಲ. ಇಂದಿಗೂ ಡಿಡಿ ಫ್ರೀ ಡಿಶ್‌ನ ಬಹುತೇಕ ವಾಹಿನಿಗಳು ಬರುವುದು ಇದೇ ಅಳತೆಯಲ್ಲಿ: ಉದ್ದಕ್ಕೆ 576, ಅಡ್ಡಕ್ಕೆ ಹೆಚ್ಚೆಂದರೆ 720 ಬಿಂದುಗಳು, ಒಟ್ಟು 4,14,720. ಅಗ್ಗದ 32 ಅಂಗುಲದ ಪರದೆಯಲ್ಲಿ ಸಾಮಾನ್ಯವಾಗಿರುವುದು 1366ಕ್ಕೆ 768, ಅಂದರೆ 10,49,088 ಬಿಂದುಗಳು. ಐದರಲ್ಲಿ ಸುಮಾರು ಮೂರು ಪಾಲನ್ನು ಯಂತ್ರವು ಊಹಿಸಿಯೇ ತುಂಬಬೇಕು. ಬೆಲೆಯುಳ್ಳ ಯಂತ್ರವು ಜಾಣತನದಿಂದ ಊಹಿಸುತ್ತದೆ, ಅಗ್ಗದ್ದು ಒರಟಾಗಿ. ಹಳೆಯ ಗಾಜಿನ ಕೊಳವೆಯ ಪೆಟ್ಟಿಗೆಯು ಈ ಕೊರತೆಯನ್ನು ಮರೆಮಾಡುತ್ತಿತ್ತು. ಹೊಸ ಪರದೆಯು ಎತ್ತಿ ತೋರಿಸುತ್ತದೆ. ಅಂಗಡಿಯಲ್ಲಿ ಓಡುವುದು ಇದಕ್ಕೆಂದೇ ಸಿದ್ಧಪಡಿಸಿದ ಉತ್ತಮ ಚಿತ್ರವಾದುದರಿಂದ ಅಲ್ಲಿ ಇದು ತಿಳಿಯುವುದಿಲ್ಲ.

ಇನ್ನು ಪರಿಹಾರವನ್ನು ನೋಡೋಣ. ಹಳದಿ ಮೂತಿಯ ತಂತಿಯನ್ನು ಬಿಟ್ಟು, ಪೆಟ್ಟಿಗೆಯಲ್ಲಿ ಅವಕಾಶವಿದ್ದರೆ ಎಚ್‌ಡಿಎಂಐ ತಂತಿಯನ್ನು ಜೋಡಿಸತಕ್ಕದ್ದು. ಮುಖವು ಹಿಗ್ಗಿ ಕಂಡರೆ ಚಿತ್ರದ ಆಕಾರವನ್ನು ನಾಲ್ಕಕ್ಕೆ ಮೂರರ ಅಳತೆಗೆ ತಂದು, ಇಕ್ಕೆಲಗಳಲ್ಲಿ ಕಪ್ಪುಪಟ್ಟಿ ಉಳಿದರೆ ಉಳಿಯಲೆಂದು ಬಿಡಬೇಕು. ಅಂಗಡಿಯವರು ಇಟ್ಟ ‘ವಿವಿಡ್’ ಕ್ರಮವನ್ನು ತೆಗೆದು, ‘ಶಾರ್ಪ್‌ನೆಸ್’ ಎಂಬುದನ್ನು ತಗ್ಗಿಸಿದರೆ ಅಂಚಿನ ಒರಟುತನವು ಇಳಿಯುವುದು. ಇಂತಹ ಚಿತ್ರವನ್ನು 32 ಅಂಗುಲದ ಪರದೆಯಿಂದ ಸುಮಾರು 8 ಅಡಿ ದೂರದಲ್ಲಿ ಕುಳಿತು ನೋಡುವುದು ಲೇಸು. ಅಗ್ಗದ ಕೆಲವು ಪರದೆಗಳು ಕೆಳಗಿನಿಂದ ನೋಡಿದರೆ ಬಣ್ಣಗೆಡುತ್ತವೆ. ನೆಲದ ಮೇಲೆ ಕುಳಿತು ನೋಡುವ ನಮ್ಮ ಮನೆಗಳಲ್ಲಿ ಯಂತ್ರವನ್ನು ಅಟ್ಟದ ಎತ್ತರಕ್ಕೆ ಏರಿಸಬಾರದು.

ಪರದೆಯ ಹಿಂದಿನ ಬೆಳಕು ಮಂದವಾಗಿದ್ದರೆ ಮಾತ್ರ ಯಾವ ಗುಂಡಿಯನ್ನೊತ್ತಿದರೂ ಫಲವಿಲ್ಲ; ಅದು ಹುಟ್ಟುಗುಣ. ಆದುದರಿಂದ ಕೊಳ್ಳುವ ಮುನ್ನವೇ ಮನೆಯಲ್ಲಿ ನೋಡುವ ವಾಹಿನಿಯನ್ನೇ ಹಾಕಿಸಿ, ಕೆಳಗಿನಿಂದಲೂ ಪಕ್ಕದಿಂದಲೂ ನೋಡತಕ್ಕದ್ದು. ‘4ಕೆ ಸಪೋರ್ಟ್’ ಎಂಬ ಬರಹಕ್ಕೆ ಮರುಳಾಗದೆ, ಪರದೆಯಲ್ಲಿ ನಿಜವಾಗಿ ಎಷ್ಟು ಬಿಂದುಗಳಿವೆಯೆಂದು ಕೇಳಬೇಕು.

ಕಡೆಯದಾಗಿ ಹಿರಿಯರ ಮಾತು. ಇಷ್ಟು ಮಾಡಿದ ಮೇಲೆ ಮಕ್ಕಳಿಗೆ ತಿಳಿಯಾಗಿ ಕಾಣುವ ಚಿತ್ರವು ಅಜ್ಜನಿಗೆ ಮಾತ್ರ ಮಬ್ಬಾಗಿಯೂ ಹಳದಿಯಾಗಿಯೂ ಕಂಡರೆ, ಅದು ಕಣ್ಣಿನ ಪೊರೆಯಿರಬಹುದು. ಆಗ ಸಾಗಬೇಕಾದುದು ಅಂಗಡಿಗಲ್ಲ, ನೇತ್ರವೈದ್ಯರಲ್ಲಿಗೆ. ಮಸಕಾದ ಯಂತ್ರವನ್ನು ಮುಂದಿನ ಸುಗ್ಗಿಗೆ ಬದಲಿಸಬಹುದು. ಕಣ್ಣಿನ ವಿಷಯದಲ್ಲಿ ತಡಮಾಡಲಾಗದು.