ಪಾಲಾರಿನಿಂದ ಕಡಲಿಗೆ: ದೊಡ್ಡ ಕುಟುಂಬದ ಗಾಡಿ ಪಯಣ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಕುಟುಂಬಗಳಿಗೆ ಕಡಲು ದೂರದ ಸಂಗತಿಯೆನಿಸಿದರೂ ಅಲ್ಲಿಗೆ ಒಯ್ಯುವ ಎರಡು ದಾರಿಗಳು ಇವರ ಮನೆಬಾಗಿಲಿನಿಂದಲೇ ಹೊರಡುತ್ತವೆ. ಹಿಂದೆ 212 ಎಂದು ಕರೆಯಲಾಗುತ್ತಿದ್ದ, ಈಗ 766 ಸಂಖ್ಯೆಯಿರುವ ರಾಷ್ಟ್ರೀಯ ಹೆದ್ದಾರಿಯ ಒಂದು ತುದಿ ಕೊಳ್ಳೇಗಾಲ; ತಿ. ನರಸೀಪುರ, ಮೈಸೂರು, ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ, ವಯನಾಡುಗಳನ್ನು ಹಾದು ಹೋಗುವ ಅದರ ಇನ್ನೊಂದು ತುದಿ ಅರಬ್ಬೀ ಕಡಲಿನ ದಡದ ಕೋಳಿಕ್ಕೋಡು. ಎರಡನೆಯದು ಹನೂರು, ಕೌದಳ್ಳಿ, ತಾಳುಬೆಟ್ಟಗಳ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಏರಿ, ಅಲ್ಲಿಂದ ಇಳಿದು, ರಾಜ್ಯದ ಗಡಿಯಾದ ಪಾಲಾರಿನಲ್ಲಿ ತಮಿಳುನಾಡನ್ನು ಸೇರುವ ರಸ್ತೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ವೇಲೂರಿನತ್ತ ಹರಿಯುವ ಪಾಲಾರ್ ನದಿ ಬೇರೆ, ಈ ಊರಿಗೆ ಹೆಸರು ಕೊಟ್ಟ ಪಾಲಾರ್ ಹೊಳೆ ಬೇರೆ. ಈ ಹೊಳೆ ಎರಡು ರಾಜ್ಯಗಳ ನಡುವಿನ ಗಡಿಯಾಗಿ ಹರಿದು ಮೆಟ್ಟೂರು ಹಿನ್ನೀರಿನ ಬಳಿ ಕಾವೇರಿಯನ್ನು ಕೂಡುತ್ತದೆ. ಆದುದರಿಂದ ಪಾಲಾರಿನಿಂದ ಹೊರಟ ಕುಟುಂಬವೊಂದು ಹೊಳೆಯ ನೀರು ಹೋಗುವ ದಿಕ್ಕನ್ನೇ ಹಿಡಿದರೆ ಮೆಟ್ಟೂರು, ತಿರುಚಿರಾಪಳ್ಳಿ, ತಂಜಾವೂರು, ಕುಂಭಕೋಣಗಳ ಮೂಲಕ ಕಾವೇರಿ ಕಡಲು ಸೇರುವ ಪೂಂಪುಹಾರನ್ನೇ ಮುಟ್ಟುತ್ತದೆ.

ಅಜ್ಜ ಅಜ್ಜಿಯರಿಂದ ಹಿಡಿದು ಎಳೆಗೂಸಿನವರೆಗೆ ಹತ್ತು ಹದಿನೈದು ಮಂದಿ ಒಂದೇ ವಾಹನದಲ್ಲಿ ಹೊರಟು, ದಾರಿಯಲ್ಲಿ ಅಟ್ಟು ಉಂಡು, ಕಂಡಲ್ಲಿ ತಂಗಿ ವಾರ ಕಳೆಯುವ ಪದ್ಧತಿಗೆ ಪಾಶ್ಚಾತ್ಯ ದೇಶಗಳಲ್ಲಿ ಹಾಸಿಗೆ, ಒಲೆ, ಶೌಚಾಲಯಗಳಿರುವ ವಾಹನವೇ ಆಧಾರ. ಇಂಥ ವಾಹನವನ್ನು ಭಾರತದಲ್ಲಿ ಕ್ಯಾರವಾನ್ ಎನ್ನುತ್ತಾರೆ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿಯೊಂದನ್ನು ಪ್ರಕಟಿಸಿತು. ಮರುವರ್ಷ ವಾಗಮಣ್‌ನಲ್ಲಿ ಕ್ಯಾರವಾನ್ ಪಾರ್ಕ್, ಅಂದರೆ ಇಂಥ ಗಾಡಿಗಳು ನಿಂತು ನೀರು, ವಿದ್ಯುತ್ತು ಪಡೆದು ಮಲಿನ ನೀರನ್ನು ಹೊರಹಾಕಲು ಅನುಕೂಲವಿರುವ ನಿಲುಗಡೆ ಆರಂಭವಾಯಿತು. ಆದರೆ ನಮ್ಮಲ್ಲಿ ಬಾಡಿಗೆಗೆ ಸಿಗುವ ಕ್ಯಾರವಾನ್‌ಗಳಲ್ಲಿ ಮಲಗಲು ಸ್ಥಳವಿರುವುದು ಸಾಮಾನ್ಯವಾಗಿ ನಾಲ್ಕಾರು ಜನಕ್ಕೆ ಮಾತ್ರ. ಕೂಡುಕುಟುಂಬದ ಅಳತೆಗೆ ಅದು ಸಾಲದು. ಹೀಗಾಗಿ ಹನ್ನೆರಡರಿಂದ ಹದಿನೇಳು ಆಸನಗಳ ಟೆಂಪೊ ಟ್ರಾವೆಲರ್, ಎಲ್ಲರ ಬಾಯಲ್ಲಿ ಟಿಟಿ ಎನಿಸಿರುವ ಗಾಡಿಯೇ ಈ ಭಾಗದ ಕುಟುಂಬಗಳ ನಿಜವಾದ ಚಲಿಸುವ ಮನೆ. ಹಗಲು ಟಿಟಿ, ರಾತ್ರಿ ಛತ್ರ ಅಥವಾ ವಸತಿಗೃಹ ಎಂಬ ಏರ್ಪಾಟನ್ನು ಕ್ಯಾರವಾನ್‌ಗೆ ಬದಲಿ ಎಂದು ಕೀಳಾಗಿ ಕಾಣಬೇಕಾದದ್ದೇನೂ ಇಲ್ಲ. ಮಂಡಿನೋವಿರುವ ಹಿರಿಯರಿಗೆ ಗಾಡಿಯೊಳಗಿನ ಇಕ್ಕಟ್ಟಾದ ಮೇಲಂತಸ್ತಿನ ಹಾಸಿಗೆಗಿಂತ ನೆಲಮಟ್ಟದ ಕೋಣೆಯೇ ಹಿತ.

ಹೀಗೆ ಹೊರಡುವ ವಿದ್ಯೆ ಈ ಸೀಮೆಗೆ ಹೊಸದೂ ಅಲ್ಲ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಮಾದಪ್ಪನ, ಅಂದರೆ ಮಲೆ ಮಹದೇಶ್ವರನ ಪರಿಸೆಗೆ ಮನೆಮಂದಿಯೆಲ್ಲ ಹೊರಡುವಾಗ, ಹಿಂದೆ ಎತ್ತಿನ ಗಾಡಿಯಲ್ಲಿ, ಆಮೇಲೆ ಲಾರಿ, ಟ್ರ್ಯಾಕ್ಟರುಗಳಲ್ಲಿ, ತಪಲೆ, ಸೌಟು, ಚಾಪೆ, ರಾಗಿಹಿಟ್ಟು, ಕಾರದಪುಡಿಗಳ ಸಮೇತ ಒಂದು ಮನೆಯೇ ಮೇಲೆದ್ದು ಸಾಗುತ್ತಿತ್ತು. ಯಾರು ಸೌದೆಗೆ, ಯಾರು ನೀರಿಗೆ, ಮಕ್ಕಳ ಮೇಲೆ ಯಾರ ಕಣ್ಣು, ಮುದುಕರಿಗೆ ನೆರಳೆಲ್ಲಿ ಎಂಬುದನ್ನು ಯಾರೂ ಬರೆದಿಡದೆಯೇ ಎಲ್ಲರೂ ಅರಿತಿರುತ್ತಿದ್ದರು. ಕಡಲಿನ ಪಯಣವನ್ನು ಯೋಜಿಸುವವರು ಮೊದಲು ಎದುರಿಗಿಟ್ಟುಕೊಳ್ಳಬೇಕಾದದ್ದು ಈ ತಿಳಿವಳಿಕೆಯನ್ನು. ಪರಿಸೆಯ ದಿನದ ಅಳತೆ ಮೈಲಿಯಲ್ಲ, ಜೊತೆಯಲ್ಲಿರುವವರ ಪೈಕಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆ. ಟಿಟಿ ಗಂಟೆಗೆ ಎಂಬತ್ತು ಕಿಲೋಮೀಟರ್ ಓಡಬಲ್ಲದೆಂಬ ಕಾರಣಕ್ಕೆ ಆ ಅಳತೆ ಬದಲಾಗಬಾರದು.

ಯೋಜನೆಯಲ್ಲಿ ಎಲ್ಲಕ್ಕಿಂತ ಮೊದಲು ನಿಶ್ಚಯಿಸಬೇಕಾದದ್ದು ಋತು. ಕರ್ನಾಟಕ, ಕೇರಳಗಳ ಕರಾವಳಿಗೆ ಮಳೆ ತರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರಾದರೆ, ತಮಿಳುನಾಡಿನ ಕಡಲತೀರ ಹೆಚ್ಚಾಗಿ ನೆನೆಯುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬೀಸುವ ಈಶಾನ್ಯ ಮಾರುತದಲ್ಲಿ. ಇದೇ ತಿಂಗಳುಗಳಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತಗಳೂ ಏಳುತ್ತವೆ. 2018ರ ನವೆಂಬರ್ 16ರಂದು ‘ಗಜ’ ಚಂಡಮಾರುತ ವೇದಾರಣ್ಯದ ಬಳಿ ನೆಲ ಮುಟ್ಟಿ ಕಾವೇರಿ ಮುಖಜಭೂಮಿಯ ತೆಂಗಿನ ತೋಟಗಳನ್ನು ನೆಲಕ್ಕುರುಳಿಸಿತು. ಮುಖಜಭೂಮಿ ಎಂದರೆ ನದಿ ಕಡಲು ಸೇರುವ ಮುನ್ನ ಕವಲೊಡೆದು ಮೆಕ್ಕಲು ಹರಡಿದ ಬಯಲು. ಶಾಲೆಯ ದಸರಾ ರಜೆಯಲ್ಲಿ ಹೊರಡುವವರಿಗೆ ಆದ್ದರಿಂದ ಪೂರ್ವತೀರ ತಕ್ಕದ್ದಲ್ಲ. ಪಶ್ಚಿಮದ ದಾರಿಯೇ ಮೇಲು. ಬೇಸಿಗೆ ರಜೆಯಲ್ಲಿ ಎರಡು ತೀರಗಳಲ್ಲೂ ಸೆಕೆ ವಿಪರೀತ, ಅದರಲ್ಲೂ ತಮಿಳರು ಅಗ್ನಿನಕ್ಷತ್ರವೆಂದು ಕರೆಯುವ ಮೇ ತಿಂಗಳ ದಿನಗಳಲ್ಲಿ ಹಿರಿಯರನ್ನು ತಂಜಾವೂರಿನ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆಸುವುದು ಅವರಿಗೆ ಮಾಡುವ ಅನ್ಯಾಯವೇ ಸರಿ. ಪೊಂಗಲ್‌ನ ಜನಸಂದಣಿ ಮುಗಿದ ಜನವರಿಯ ಕೊನೆಯಿಂದ ಫೆಬ್ರವರಿಯ ಅಂತ್ಯದವರೆಗಿನ ಅವಧಿ ಪಾಲಾರಿನ ದಾರಿಗೆ ಹೇಳಿ ಮಾಡಿಸಿದ್ದು. ಬಿಸಿಲು ಹದವಾಗಿರುತ್ತದೆ, ಸಾಂಬಾ ಎಂಬ ದೀರ್ಘಾವಧಿಯ ಭತ್ತದ ಕೊಯ್ಲು ನಡೆದಿರುತ್ತದೆ. ಶಾಲೆಗೆ ನಾಲ್ಕು ದಿನ ರಜೆ ಕೇಳಬೇಕಾಗುತ್ತದೆ ಎಂಬುದು ನಿಜ, ಆದರೆ ಆ ಮಗು ಅಜ್ಜಿಯೊಡನೆ ಕಡಲು ನೋಡುವ ಅವಕಾಶ ಪ್ರತಿ ವರ್ಷವೂ ಬರುವುದಿಲ್ಲ.

ವಾಹನ ಗೊತ್ತುಪಡಿಸುವಾಗ ಕಾನೂನಿನ ಕೆಲವು ಅಂಶಗಳನ್ನು ಮರೆಯಬಾರದು. ಬಾಡಿಗೆ ಗಾಡಿಗೆ ಹಳದಿ ಫಲಕ ಇರಲೇಬೇಕು; ಪರಿಚಯದವರ ಬಿಳಿ ಫಲಕದ ಗಾಡಿಯನ್ನು ದುಡ್ಡು ಕೊಟ್ಟು ಒಯ್ದರೆ ಅಪಘಾತದ ವೇಳೆ ವಿಮೆಯ ಪರಿಹಾರಕ್ಕೆ ತೊಡಕಾಗುತ್ತದೆ. ಹೊರರಾಜ್ಯಕ್ಕೆ ಹೋಗುವುದರಿಂದ 2023ರ ನಿಯಮಗಳಂತೆ ಅಖಿಲ ಭಾರತ ಪ್ರವಾಸಿ ಪರವಾನಗಿ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಬೇಕು. 7,500 ಕಿಲೋಗ್ರಾಂ ಮೀರದ ಸಾರಿಗೆ ವಾಹನವನ್ನು ಲಘು ಮೋಟಾರು ವಾಹನದ ಪರವಾನಗಿ ಇದ್ದವರೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪಿತ್ತಿದೆಯಾದರೂ, ಮನೆಯ ಹುಡುಗನೇ ಚಾಲಕನಾಗಲಿ ಎಂಬ ಉತ್ಸಾಹಕ್ಕೆ ಬೆಟ್ಟದ ತಿರುವುಗಳ ಈ ದಾರಿ ತಕ್ಕುದಲ್ಲ. ಘಾಟಿಯಲ್ಲಿ ಇಳಿಯುವಾಗ ಬ್ರೇಕನ್ನೇ ನಂಬದೆ ಕೆಳಗಿನ ಗೇರಿನಲ್ಲಿ ಎಂಜಿನ್ನಿನ ಹಿಡಿತದಿಂದ ಗಾಡಿ ಇಳಿಸುವ ಅಭ್ಯಾಸವಿರುವ ಚಾಲಕನೇ ಬೇಕು. ಕಾನೂನು ಚಾಲಕನ ದುಡಿಮೆಗೆ ದಿನಕ್ಕೆ ಎಂಟು ಗಂಟೆಯ ಮಿತಿ ಹಾಕಿದೆ. ಕುಟುಂಬಗಳು ಈ ಮಿತಿಯನ್ನು ಚಾಲಕನ ಮೇಲಿನ ದಾಕ್ಷಿಣ್ಯವೆಂದು ತಿಳಿಯಬಾರದು. ಗಾಡಿಯಲ್ಲಿರುವ ಅಷ್ಟೂ ಜೀವಗಳು ಅವನ ನಿದ್ದೆಯನ್ನು ಅವಲಂಬಿಸಿರುತ್ತವೆ. ಅವನಿಗೆ ರಾತ್ರಿ ಗಾಡಿಯ ಸೀಟಿನಲ್ಲಲ್ಲ, ಹಾಸಿಗೆಯ ಮೇಲೆ ಮಲಗುವ ವ್ಯವಸ್ಥೆಯಾಗಬೇಕು.

ನೀರಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕ್ಯಾರವಾನ್ ಹಿಡಿಯುವವರಿಗೆ ಮೂರು ಬಗೆಯ ನೀರು ಎದುರಾಗುತ್ತದೆ: ಬಳಸುವ ಶುದ್ಧ ನೀರು, ಪಾತ್ರೆ ತೊಳೆದ, ಮೈ ತೊಳೆದ ಬೂದು ನೀರು, ಶೌಚದ ಕಪ್ಪು ನೀರು. ನೂರು ಲೀಟರಿನ ತೊಟ್ಟಿಯನ್ನು ಆರು ಮಂದಿಗೆ ಹಂಚಿದರೆ ತಲೆಗೆ ಹದಿನಾರು ಲೀಟರ್ ಚಿಲ್ಲರೆ, ಅಂದರೆ ಸ್ನಾನದ ಒಂದೇ ಬಕೆಟ್ಟು; ಅಷ್ಟು ನೀರಿನ ತೂಕವೇ ಒಂದು ಕ್ವಿಂಟಲ್. ಕಪ್ಪು ನೀರನ್ನು ಚರಂಡಿಗೋ ಹೊಳೆಗೋ ಬಿಡುವುದು ಅಪರಾಧ, ಬಿಡಲು ತಕ್ಕ ಜಾಗಗಳು ಈ ದಾರಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಟಿಟಿಯಲ್ಲಿ ಹೊರಡುವವರಿಗೆ ಈ ತಾಪತ್ರಯವಿಲ್ಲ, ಬದಲಿಗೆ ಶೌಚಾಲಯವಿರುವ ಪೆಟ್ರೋಲ್ ಬಂಕು, ಹೋಟೆಲುಗಳನ್ನು ಎರಡು ಗಂಟೆಗೊಮ್ಮೆ ಬರುವಂತೆ ದಾರಿಪಟ್ಟಿಯಲ್ಲಿ ಗುರುತಿಸಿಕೊಳ್ಳಬೇಕು. ಶೌಚಕ್ಕೆ ಜಾಗ ಸಿಗಲಾರದೆಂದು ಹೆದರಿ ಮನೆಯ ಹೆಂಗಸರು ಬೆಳಗಿನಿಂದ ನೀರನ್ನೇ ಕುಡಿಯದೆ ಕೂರುವ ಸಂಗತಿ ನಮ್ಮ ಪ್ರವಾಸಗಳಲ್ಲಿ ಎಷ್ಟೋ ಕಾಲದಿಂದ ನಡೆದುಬಂದಿದೆ. ಅದು ಆರೋಗ್ಯಕ್ಕೆ ಮಾರಕ, ಮತ್ತು ಯೋಜನೆ ಮಾಡಿದ ಗಂಡಸರು ಉತ್ತರ ಹೇಳಬೇಕಾದ ಲೋಪ.

ಅಡುಗೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಮುದ್ದೆಯಿಲ್ಲದೆ ಊಟ ಇಳಿಯದ ಹಿರಿಯರಿಗೆ ವಾರವಿಡೀ ಇಡ್ಲಿ, ಪೊಂಗಲ್ ಸಾಲದು. ಆದರೆ ಹದಿನೈದು ಮಂದಿಯ ಮುದ್ದೆ ಎಂದರೆ ದೊಡ್ಡ ತಪಲೆ ಬೇಕು, ಎಸರು ಮರಳುವಾಗ ಸುರಿದ ಹಿಟ್ಟು ಬೆಂದ ಮೇಲೆ ತಪಲೆಯನ್ನು ಕೆಳಗಿಳಿಸಿ, ಕವೆಗೋಲಿನಿಂದ ಅಲ್ಲಾಡದಂತೆ ಅದುಮಿ ಹಿಡಿದು, ಎರಡೂ ಕೈಯಿಂದ ಮುದ್ದೆಕೋಲು ಹಾಕಿ ಗಂಟಿಲ್ಲದಂತೆ ತಿರುವಬೇಕು. ಮೈಭಾರವನ್ನೇ ಹಾಕಿ ಮಾಡುವ ಈ ಕೆಲಸ ಕ್ಯಾರವಾನಿನ ಮೊಣಕೈಯಗಲದ ಕಟ್ಟೆಯ ಮೇಲೆ ಆಗುವಂಥದ್ದಲ್ಲ. ಗಟ್ಟಿ ನೆಲವೇ ಬೇಕು. ಅಡುಗೆಮನೆ ಬಳಸಲು ಬಿಡುವ ಛತ್ರವನ್ನು ಎರಡು ರಾತ್ರಿಗಾದರೂ ಗೊತ್ತುಮಾಡಿಕೊಂಡರೆ ಈ ಬಯಕೆ ತೀರುತ್ತದೆ. ಉಳಿದ ದಿನಗಳಿಗೆ ಪುಳಿಯೋಗರೆ ಗೊಜ್ಜು, ಹುರಿಟ್ಟು, ನಿಪ್ಪಟ್ಟು ಒದಗುತ್ತವೆ. ಗ್ಯಾಸ್ ಸಿಲಿಂಡರನ್ನು ಮಾತ್ರ ಪ್ರಯಾಣಿಕರಿರುವ ಗಾಡಿಯೊಳಗೆ ಇಡಲೇಬಾರದು. 2023ರ ಆಗಸ್ಟ್ 26ರಂದು ಮದುರೆಯಲ್ಲಿ ನಿಂತಿದ್ದ ಪ್ರವಾಸಿ ರೈಲುಬೋಗಿಯಲ್ಲಿ ಕದ್ದು ತಂದಿದ್ದ ಸಿಲಿಂಡರಿನಿಂದ ಹೊತ್ತಿದ ಬೆಂಕಿಗೆ ಒಂಬತ್ತು ಮಂದಿ ಬಲಿಯಾದರು. ಅವರೂ ತೀರ್ಥಯಾತ್ರೆಗೆ ಹೊರಟು, ದಾರಿಯಲ್ಲಿ ಬೆಳಗಿನ ಚಹಾಕ್ಕೆ ಒಲೆ ಹಚ್ಚಿದ್ದವರು.

ಪಾಲಾರಿನ ದಾರಿಯನ್ನು ಹಗಲಿನಲ್ಲೇ ದಾಟಬೇಕು. 2013ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಮಲೆ ಮಹದೇಶ್ವರ ಕಾಡು ರಸ್ತೆಯ ಎರಡೂ ಮಗ್ಗುಲಿಗಿದ್ದು, ಆನೆಗಳು ರಸ್ತೆ ದಾಟುವ ಜಾಗದಲ್ಲಿ ಬುತ್ತಿ ಬಿಚ್ಚುವುದು ಅಪಾಯ, ಮಂಗಗಳಿಗೆ ತಿಂಡಿ ಎಸೆಯುವುದು ಅವುಗಳಿಗೇ ಕೇಡು. ತಿರುವುಗಳಲ್ಲಿ ವಾಕರಿಕೆ ಬರುವ ಮಕ್ಕಳಿಗೆ ವೈದ್ಯರನ್ನು ಕೇಳಿ ಮಾತ್ರೆ ಕೊಡುವುದಾದರೆ ಘಾಟಿ ಏರುವ ಅರ್ಧ ಗಂಟೆ ಮುಂಚೆ ಕೊಟ್ಟಿರಬೇಕು, ಮುಂದಿನ ಸೀಟು ಅವರಿಗೇ ಮೀಸಲಿರಬೇಕು. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ತಂಪು ಚೀಲದಲ್ಲಿರಲಿ, ಆದರೆ ಮಂಜುಗಡ್ಡೆಗೆ ನೇರವಾಗಿ ತಾಗದಿರಲಿ; ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಪಶ್ಚಿಮದ ದಾರಿ ಹಿಡಿದವರಿಗೂ ಹೊತ್ತಿನ ಕಟ್ಟುಪಾಡು ತಪ್ಪಿದ್ದಲ್ಲ: ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ, ಮುಂದೆ ತಾಮರಶ್ಶೇರಿ ಚುರಂ ಎಂಬ ಘಾಟಿಯ ಒಂಬತ್ತು ತಿರುವುಗಳಲ್ಲಿ ವಾಹನದಟ್ಟಣೆ ಸಾಮಾನ್ಯ.

ಗಡಿ ದಾಟಿದ ಮೇಲೂ ಈ ಸೀಮೆಯವರಿಗೆ ಪರಸ್ಥಳವೆಂಬ ಭಾವ ಬೇಗ ಬರುವುದಿಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಸೇಲಂ ಸುತ್ತಿನ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ಈಗಲೂ ಉಳಿದಿದೆ. ಮೊದಲ ದಿನದ ತಂಗುದಾಣ ಮೆಟ್ಟೂರು ಅಥವಾ ಸೇಲಂ ಆದರೆ ಸಾಕು. 1934ರಲ್ಲಿ ಪೂರ್ಣಗೊಂಡ ಮೆಟ್ಟೂರು ಅಣೆಕಟ್ಟನ್ನು ಮಕ್ಕಳಿಗೆ ತೋರಿಸುವಾಗ, ಕಬಿನಿ ಮತ್ತು ಕೃಷ್ಣರಾಜಸಾಗರದಿಂದ ಬಿಟ್ಟ ನೀರು ಇಲ್ಲಿಗೇ ಬಂದು ನಿಲ್ಲುತ್ತದೆ, ವಾಡಿಕೆಯಂತೆ ಜೂನ್ 12ರಂದು ಇಲ್ಲಿಂದ ಮುಖಜಭೂಮಿಯ ಗದ್ದೆಗಳಿಗೆ ಹೊರಡುತ್ತದೆ ಎಂದು ವಿವರಿಸಿದರೆ, ಸುದ್ದಿಯಲ್ಲಿ ಜಗಳವಾಗಿಯೇ ಕೇಳಿಬರುವ ಕಾವೇರಿ ಅವರಿಗೆ ನೀರಾಗಿ ಕಾಣಿಸುತ್ತದೆ. ಎರಡನೆಯ ದಿನ ತಿರುಚಿರಾಪಳ್ಳಿ, ಶ್ರೀರಂಗ. ಮೂರನೆಯ ದಿನ ಕರಿಕಾಲ ಚೋಳನ ಹೆಸರಿನೊಡನೆ ಬೆಸೆದಿರುವ ಕಲ್ಲಣೈ ಅಣೆಕಟ್ಟಿನ ಮೇಲೆ ಹಾದು ತಂಜಾವೂರು. 1010ರಲ್ಲಿ ಪೂರ್ಣಗೊಂಡ ಬೃಹದೀಶ್ವರ ದೇವಾಲಯವನ್ನು ಸಂಜೆ ನಾಲ್ಕರ ಮೇಲೆ ನೋಡುವುದು ಒಳಿತು, ಕಲ್ಲು ಆರಿರುತ್ತದೆ. ನಾಲ್ಕನೆಯ ದಿನ ಕುಂಭಕೋಣದಲ್ಲಿ ಸುಮ್ಮನೆ ಉಳಿಯಬೇಕು. ಬಟ್ಟೆ ಒಗೆಯಲು, ಮುದ್ದೆ ತಿರುವಲು, ಅಳಿಯ ಮಾವಂದಿರ ನಡುವೆ ಹುಟ್ಟಿರಬಹುದಾದ ಮುನಿಸು ಇಳಿಯಲು ಒಂದು ಖಾಲಿ ದಿನ ಬೇಕೇ ಬೇಕು.

ಅಲ್ಲಿಂದ ಮಯಿಲಾಡುತುರೈ ಮೂಲಕ ಪೂಂಪುಹಾರಿಗೆ ಅರವತ್ತು ಕಿಲೋಮೀಟರ್ ಆಸುಪಾಸು. ಹನೂರಿನ ಕಡೆ ಹುರುಳಿಯನ್ನು ರಸ್ತೆಗೆ ಹರಡಿ ಗಾಡಿಗಳ ಚಕ್ರದಿಂದಲೇ ಒಕ್ಕಣೆ ಮಾಡಿಸಿಕೊಳ್ಳುವಂತೆ ಇಲ್ಲಿ ಡಾಂಬರಿನ ಅಂಚಿನಲ್ಲಿ ಭತ್ತವನ್ನು ಒಣಹಾಕಿರುತ್ತಾರೆ, ಗಾಡಿ ನಿಧಾನವಾಗಬೇಕಾಗುತ್ತದೆ. ಈ ತೀರದಲ್ಲಿ 2004ರ ಡಿಸೆಂಬರ್ 26ರ ಸುನಾಮಿ ನುಗ್ಗಿತ್ತು. ತಮಿಳುನಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸಾವುಗಳು ಸಂಭವಿಸಿದ್ದು ಅಂದಿನ ನಾಗಪಟ್ಟಣಂ ಜಿಲ್ಲೆಯಲ್ಲಿ. ದಡದಿಂದ ಕೆಲವೇ ಹೆಜ್ಜೆಗೆ ಆಳ ಸಿಗುವ, ಸೆಳೆತವಿರುವ ಕಡಲು ಇದಾದ್ದರಿಂದ ಕೆರೆ ಹೊಳೆಗಳಲ್ಲಿ ಈಜು ಕಲಿತ ಹುಡುಗರು ಇಲ್ಲಿ ಈಜಿಗಿಳಿಯಬಾರದು. ಮೀನುಗಾರರು ತೋರಿಸುವ ಜಾಗದಲ್ಲಿ, ಮೊಣಕಾಲಿನ ಮಟ್ಟದಲ್ಲಿ, ದೊಡ್ಡವರ ಕೈ ಹಿಡಿದು ಕಾಲು ನೆನೆಸಿಕೊಂಡರೆ ಸಾಕು. ಹಿಂದಿನ ಮಧ್ಯಾಹ್ನವೇ ತಲುಪಿ ಹತ್ತಿರದಲ್ಲಿ ತಂಗಿದ್ದರೆ ಬೆಳಿಗ್ಗೆ ಆರಕ್ಕೆ ದಡದಲ್ಲಿರಬಹುದು, ಏಕೆಂದರೆ ಈ ತೀರದಲ್ಲಿ ಸೂರ್ಯ ಹುಟ್ಟುವುದು ನೀರಿನೊಳಗಿಂದ. ಬೆಳಕು ಹರಿದ ಮೇಲೆ ಅಜ್ಜಿಯನ್ನೂ ಮಕ್ಕಳನ್ನೂ ಅಳಿವೆಯ ಕಡೆಗೆ, ಅಂದರೆ ನದಿ ಕಡಲಿಗೆ ಬೀಳುವ ಬಾಯಿಯ ಕಡೆಗೆ ಕರೆದೊಯ್ಯಬೇಕು. ಪಾಲಾರಿನ ಹಿನ್ನೀರಿನಲ್ಲಿ ಆಚೆ ದಡ ಮಸುಕಾಗುವಷ್ಟು ಹರವಾಗಿದ್ದ ಕಾವೇರಿ, ಗದ್ದೆಗಳಿಗೆಲ್ಲ ನೀರು ಹಂಚಿ ಮುಗಿಸಿ, ಇಲ್ಲಿಗೆ ಬರುವಷ್ಟರಲ್ಲಿ ಊರ ಕಾಲುವೆಯಷ್ಟು ಕಿರಿದಾಗಿ ಮರಳ ದಿಬ್ಬದ ಪಕ್ಕದಲ್ಲಿ ಕಡಲನ್ನು ಸೇರುತ್ತಿರುತ್ತದೆ.